ನಾಲ್ಕು ಕೊಳವೆ, ಒಂದು ಬೇಲಿ

ಪಕ್ಕದ ಮನೆಗೆ ನೆಂಟರು ಬಂದರೆ ತಮ್ಮ ಮನೆಯ ನಾಯಿಯನ್ನು ಕಟ್ಟಿಹಾಕುವುದು ನಮ್ಮ ಊರಿನ ಪದ್ಧತಿ. ಯಾರೂ ಹೇಳಬೇಕಾಗಿಲ್ಲ. ಬಸ್ಸಿಳಿದು ಬ್ಯಾಗು ಹಿಡಿದವರು ಬೀದಿಗೆ ಬಂದರು ಎಂದರೆ ಅಕ್ಕಪಕ್ಕದವರು ಎದ್ದು ಹೋಗಿ ನಾಯಿಯ ಕೊರಳಿಗೆ ಹಗ್ಗ ಹಾಕುತ್ತಾರೆ. ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ ತಾಗಿಕೊಂಡ ಈ ಊರಿನಲ್ಲಿ ನಾನು ಮೂವತ್ತು ವರ್ಷ ಹೈಸ್ಕೂಲಿನ ಗಣಿತ, ವಿಜ್ಞಾನದ ಮೇಷ್ಟ್ರಾಗಿದ್ದೆ. ಈ ಪದ್ಧತಿ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎಡವಿದೆ.

ನಿವೃತ್ತಿಯಾದ ಮೇಲೆ ನನಗೆ ಉಳಿದಿರುವುದು ಅರ್ಧ ಎಕರೆ ಜಮೀನು ಮತ್ತು ಹ್ಯಾಮ್ ರೇಡಿಯೊ. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸು ಪಡೆದು, ಸ್ವಂತ ರೇಡಿಯೊದಿಂದ ಜಗತ್ತಿನ ಇತರ ಹವ್ಯಾಸಿಗಳ ಜೊತೆ ಮಾತಾಡುವುದು ಈ ಹವ್ಯಾಸ. ‘ಮೊಬೈಲ್ ಇಲ್ವಾ?’ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಈಜು ಬರುವವನನ್ನು ‘ದೋಣಿ ಇಲ್ವಾ?’ ಎಂದು ಯಾರೂ ಕೇಳುವುದಿಲ್ಲ.

ಇದರಲ್ಲಿ ನೂರ ಅರವತ್ತು ಮೀಟರ್ ಎಂಬ ಒಂದು ತರಂಗದ ಪಟ್ಟಿ ಇದೆ. ನಮ್ಮ ಹವ್ಯಾಸದ ಅತಿ ಕೆಳಗಿನ, ಅತಿ ಹಟಮಾರಿ ಪಟ್ಟಿ. ಹಗಲಲ್ಲಿ ಪಕ್ಕದ ಜಿಲ್ಲೆಯನ್ನು ದಾಟುವುದೂ ಕಷ್ಟ. ಕತ್ತಲಾದರೆ ಸಮುದ್ರ ದಾಟಬಹುದು. ಸೂರ್ಯ ಹುಟ್ಟುವ ಮುಂಚಿನ ಕೆಲವು ನಿಮಿಷ, ಅದೃಷ್ಟವಿದ್ದರೆ, ಭೂಮಿಯ ಆ ಮಗ್ಗುಲಿಗೇ ಹೋಗಿ ಮುಟ್ಟಬಹುದು. ಕಳಿಸುವುದಕ್ಕೇನೋ ತೆಂಗಿನ ಮರದಿಂದ ಒಂದು ಉದ್ದನೆಯ ತಂತಿ ಇಳಿಬಿಟ್ಟರೆ ನಡೆಯುತ್ತದೆ. ಕಷ್ಟವಿರುವುದು ಕೇಳುವುದರಲ್ಲಿ. ಮೋಟಾರು ಪಂಪು, ಬೀದಿದೀಪ, ಫೋನಿನ ಚಾರ್ಜರು, ಎಲ್ಲೋ ಹೊಡೆಯುವ ಸಿಡಿಲು, ಎಲ್ಲವೂ ಆ ಪಟ್ಟಿಯಲ್ಲಿ ಬಂದು ಗಲಾಟೆ ಮಾಡುತ್ತವೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಬದುಕುವವನು ಕಿವಿ ಇದ್ದವನು.

ನನ್ನ ಕಿವಿಗೆ ಇದ್ದ ದೊಡ್ಡ ಶತ್ರು ಪಕ್ಕದ ಹೊಲದ ಸೋಲಾರ್ ಬೇಲಿ. ಆನೆ ಬಾರದಂತೆ ಹೊಲದ ಸುತ್ತ ಎಳೆದ ತಂತಿ. ಅದರ ಪೆಟ್ಟಿಗೆ ಸೆಕೆಂಡಿಗೊಂದು ಸಲ ತಂತಿಗೆ ವಿದ್ಯುತ್ತಿನ ಏಟು ಕೊಡುತ್ತದೆ. ಆನೆಗೆ ಅದು ಚುರುಕು ಮುಟ್ಟಿಸುತ್ತದೆ, ನನ್ನ ರೇಡಿಯೊದಲ್ಲಿ ಅದು ಟಕ್, ಟಕ್, ಟಕ್ ಎಂದು ಇಡೀ ರಾತ್ರಿ ಬಡಿಯುತ್ತದೆ.

ಹೊಲದ ಯಜಮಾನರು ನನಗಿಂತ ಐದಾರು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣಾ ಎನ್ನುತ್ತೇನೆ, ಅವರು ನನ್ನನ್ನು ಮೇಷ್ಟ್ರೆ ಎನ್ನುತ್ತಾರೆ. ಮೂರು ವರ್ಷದ ಹಿಂದೆ ಒಮ್ಮೆ, ನಾಚಿಕೆ ಬಿಟ್ಟು, ‘ಅಣ್ಣಾ, ನಿಮ್ಮ ಬೇಲಿ ನನ್ನ ರೇಡಿಯೊದಲ್ಲಿ ನಾಯಿಯಂತೆ ಬೊಗಳುತ್ತದೆ, ಬೆಳಗಿನ ಜಾವ ಹತ್ತು ನಿಮಿಷ ಆಫ್ ಮಾಡ್ತೀರಾ?’ ಎಂದು ಕೇಳಿಬಿಟ್ಟಿದ್ದೆ. ಅವರು ಮರುಮಾತಾಡದೆ ಮಾಡಿದರು. ಅವತ್ತು ಆನೆ ಬರಲಿಲ್ಲ, ಪುಣ್ಯ. ಸುದ್ದಿ ತಿಳಿದ ನನ್ನ ಹೆಂಡತಿ ಮಾತ್ರ ಬಂದಳು.

“ನಿಮ್ ರೇಡಿಯೊ ಟಕಟಕಕ್ಕೆ ಅವ್ರ ವರ್ಷದ ರಾಗಿ ಆನೆ ಬಾಯಿಗ್ ಇಡ್ತೀರಾ? ನಾಚ್ಕೆ ಆಗ್ಬೇಕು ಕಣ್ರೀ.”

ಆಯಿತು. ಇನ್ನು ಕೇಳುವುದಿಲ್ಲ ಎಂದು ಆಣೆ ಮಾಡಿದೆ. ಬೇಲಿಯನ್ನು ಸುಮ್ಮನಾಗಿಸುವ ಬದಲು, ಬೇಲಿಯ ದಿಕ್ಕಿಗೆ ಮಾತ್ರ ಕಿವುಡಾಗುವ ಕಿವಿ ಕಟ್ಟಿಕೊಳ್ಳುತ್ತೇನೆ ಎಂದೆ.

“ಹೊಸದಾಗೇನು ಕಟ್ತೀರಿ? ಅಡುಗೆಮನೆ ದಿಕ್ಕಿಗೆ ಆಗ್ಲೇ ಇದೆಯಲ್ಲ” ಎಂದಳು.

ಆದರೆ ಅಂಥ ಕಿವಿ ನಿಜಕ್ಕೂ ಇದೆ, ಅದನ್ನು ನೆನೆದರೆ ನನಗೆ ಇವತ್ತಿಗೂ ರೋಮಾಂಚನವಾಗುತ್ತದೆ. ಒಂದು ಚೌಕದ ನಾಲ್ಕು ಮೂಲೆಯಲ್ಲಿ ನಾಲ್ಕು ಅಲ್ಯೂಮಿನಿಯಂ ಕೊಳವೆ, ಒಂದೊಂದೂ ಮನೆಯ ಸೂರಿಗಿಂತ ಸ್ವಲ್ಪ ಎತ್ತರ. ನಾಲ್ಕರಿಂದಲೂ ಒಂದೇ ಅಳತೆಯ ಕೇಬಲ್ಲು ಬಂದು ನಡುವಿನ ಪೆಟ್ಟಿಗೆಯನ್ನು ಸೇರುತ್ತದೆ. ದಕ್ಷಿಣದಿಂದ ಬಂದ ಸದ್ದು ದಕ್ಷಿಣದ ಕೊಳವೆಯನ್ನು ಮೊದಲು ಮುಟ್ಟುತ್ತದೆ, ಉತ್ತರದ್ದನ್ನು ಚೂರು ತಡವಾಗಿ. ಪೆಟ್ಟಿಗೆ ಮೊದಲು ಬಂದದ್ದನ್ನು ಅಷ್ಟೇ ಹೊತ್ತು ಕಾಯಿಸಿ, ತಡವಾಗಿ ಬಂದದ್ದರಿಂದ ಕಳೆಯುತ್ತದೆ. ಒಂದರಲ್ಲಿ ಒಂದು ಹೋದರೆ ಸೊನ್ನೆ. ಉತ್ತರದಿಂದ ಬಂದದ್ದಕ್ಕೆ ಈ ಲೆಕ್ಕ ಕೂಡುವುದಿಲ್ಲ, ಅದು ಉಳಿದುಕೊಳ್ಳುತ್ತದೆ. ಬೇಕಾದ ದಿಕ್ಕಿಗೆ ತಿರುಗಿಸಲು ಮೇಜಿನ ಮೇಲೊಂದು ಗುಂಡಿ. ಕೊಳವೆಗಳು ನಿಂತಲ್ಲೇ ನಿಂತಿರುತ್ತವೆ, ಕಿವಿ ತಿರುಗುತ್ತದೆ. ಬೇಲಿ ಇದ್ದದ್ದು ದಕ್ಷಿಣಕ್ಕೆ, ನನಗೆ ಬೇಕಿದ್ದವನು ಉತ್ತರಕ್ಕೆ. ಇದಕ್ಕಿಂತ ಇನ್ನೇನು ಬೇಕು?

ಬೇಕಿದ್ದವನು ಯಾರೆಂದರೆ, ಕೆನಡಾದ ಪಶ್ಚಿಮ ಕರಾವಳಿಯ ಒಬ್ಬ ಮುದುಕ. ದೋಣಿ ಕಟ್ಟುವ ಬಡಗಿಯಾಗಿದ್ದವನು. ಇಪ್ಪತ್ತು ವರ್ಷದಿಂದ ಬೇರೆ ಪಟ್ಟಿಗಳಲ್ಲಿ ನಾವು ಚುಕ್ಕಿ, ಗೆರೆಗಳ ಮೋರ್ಸ್ ಸಂಕೇತದಲ್ಲಿ ಹರಟಿದ್ದೇವೆ. ಅವನ ಬೆರಳಿನ ಲಯ ನನಗೆ ಅವನ ಮುಖಕ್ಕಿಂತ ಪರಿಚಯ. ‘ಸಾಯುವ ಮೊದಲು ನೂರ ಅರವತ್ತರಲ್ಲಿ ಒಮ್ಮೆ’ ಎಂದು ಇಬ್ಬರೂ ಹೇಳಿಕೊಳ್ಳುತ್ತಿದ್ದೆವು. ಡಿಸೆಂಬರಿನಲ್ಲಿ ಅವನ ಸೂರ್ಯ ಮುಳುಗಿ ನಮ್ಮ ಸೂರ್ಯ ಹುಟ್ಟುವ ನಡುವೆ ಒಂದು ಗಳಿಗೆ ಸಿಗುತ್ತದೆ, ಎರಡು ಕಡೆಯೂ ಕತ್ತಲು. ಆ ಗಳಿಗೆಯಲ್ಲೇ ಆಗಬೇಕು. ಹೋದ ವರ್ಷ ಅವನ ಪತ್ರ ಬಂತು: ಮನೆ ಬಿಟ್ಟು ಮಗಳ ಊರಿನ ಫ್ಲ್ಯಾಟಿಗೆ ಹೋಗುತ್ತಿದ್ದಾನೆ, ಅಲ್ಲಿ ಆಂಟೆನಾ ಹಾಕುವಂತಿಲ್ಲ, ಡಿಸೆಂಬರ್ ಮುಗಿಯುವುದರೊಳಗೆ ಹಳೇ ಮನೆಯ ಆಂಟೆನಾದ ಗೋಪುರ ಇಳಿಸುತ್ತಾರೆ. ಇದೇ ಕೊನೆಯ ಚಳಿಗಾಲ.

ನಾನು ಹುಣಸೂರಿಗೆ ಹೋಗಿ ಕೊಳವೆ ತಂದೆ. ಟೇಪು, ದಿಕ್ಸೂಚಿ, ಗೂಟ ಹಿಡಿದು ಎರಡು ದಿನ ಅಳೆದೆ. ಬದುವಿನ ಮೇಲೆ ಕೂತು ನೋಡುತ್ತಿದ್ದ ಅಣ್ಣನಿಗೆ ತಡೆಯಲಾಗಲಿಲ್ಲ.

“ಏನ್ ಮೇಷ್ಟ್ರೆ, ಚಪ್ರ ಹಾಕ್ತೀರಾ?”

“ಆಂಟೆನಾ ಅಣ್ಣಾ. ಚೌಕ ಸರಿಯಾಗಿ ಬರಬೇಕು.”

“ಇದು ಚೌಕನಾ? ನಮ್ಮೆತ್ತು ನೋಡುದ್ರೂ ನಗ್ತದೆ.”

ಮನೆಗೆ ಹೋಗಿ, ತೆಂಗಿನ ಸಸಿ ನೆಡುವಾಗ ಸಾಲು ಹಿಡಿಯುವ ಹಗ್ಗ ತಂದರು. ನನ್ನ ಗೂಟಗಳ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಹಿಡಿದರು. ಒಂದು ಕಡೆ ಹಗ್ಗ ಸಾಲಲಿಲ್ಲ, ಇನ್ನೊಂದು ಕಡೆ ಒಂದು ಮಾರು ಮಿಕ್ಕಿತು.

“ಪಕ್ಕ ನಾಲ್ಕೂ ಒಂದೇ ಆದ್ರೆ ಸಾಲ್ದು ಕಣ್ರೀ. ಮೂಲೆಯಿಂದ ಮೂಲೆಗೆ ಎಲ್ಡು ಕಡೀಕೂ ಒಂದೇ ಬರ್ಬೇಕು. ಇಲ್ದಿದ್ರೆ ಸೊಟ್ಟಕ್ಕೆ ವಾಲ್ಕತದೆ.”

ಮೂವತ್ತು ವರ್ಷ ಮಕ್ಕಳಿಗೆ ಚೌಕದ ಕರ್ಣಗಳ ಪಾಠ ಮಾಡಿದವನು ನಾನು. ಹಗ್ಗದ ಇನ್ನೊಂದು ತುದಿ ಹಿಡಿದೆ. ಬೆಳಗಿನ ಕಾಫಿ ಆರುವುದರೊಳಗೆ ನಾಲ್ಕು ಗೂಟ ಕೂತವು, ಆಮೇಲೆ ಟೇಪು ಹಿಡಿದು ನೋಡಿದರೆ ಬೆರಳಗಲದ ವ್ಯತ್ಯಾಸವೂ ಇರಲಿಲ್ಲ. ಒಂದು ಗೂಟ ಬದು ದಾಟಿ ಅವರ ಹೊಲದೊಳಗೆ ಬಿತ್ತು. ನಾನು ತಡವರಿಸುವ ಮೊದಲೇ ಅವರು ಗುಂಡಿ ತೋಡಲು ಶುರು ಮಾಡಿದ್ದರು. ಅಂಥ ಮನುಷ್ಯ.

ಕೊಳವೆ ನಿಂತ ಮೇಲೆ ಕೇಳಿದರು: “ಇದ್ರಾಗೇನಾಯ್ತದೆ?”

ನಾನು ತರಂಗ, ವಿಳಂಬ, ಕೂಡಿಸುವುದು, ಕಳೆಯುವುದು ಎಂದು ಅರ್ಧ ಗಂಟೆ ಕೊರೆದೆ. ಅವರು ತಲೆಯಾಡಿಸಿದರು. ಅರ್ಥವಾಗಿ ಆಡುವ ತಲೆ ಯಾವುದು, ಮೇಷ್ಟ್ರ ಮರ್ಯಾದೆಗೆ ಆಡುವ ತಲೆ ಯಾವುದು ಎಂದು ನನಗಾದರೂ ತಿಳಿಯಬೇಕಿತ್ತು. ‘ಇನ್ನು ನಿಮ್ಮ ಬೇಲಿ ಆನ್ ಇರಲಿ ಬಿಡಿ, ನನಗೇನೂ ತೊಂದರೆಯಿಲ್ಲ’ ಎಂಬ ಒಂದು ಮಾತು ಸಾಕಿತ್ತು. ಅದನ್ನು ಹೇಳಲಿಲ್ಲ. ಹೇಳಿದರೆ ಇಷ್ಟು ದಿನ ತೊಂದರೆಯಿತ್ತು ಎಂದು ಮತ್ತೆ ಎತ್ತಿ ಆಡಿದಂತಾಗುತ್ತದೆ ಎಂಬ ಸಂಕೋಚ.

ಆ ಕಿವಿ ಕೆಲಸ ಮಾಡಿತು. ಗುಂಡಿಯನ್ನು ದಕ್ಷಿಣಕ್ಕೆ ತಿರುಗಿಸಿದರೆ ಟಕ್, ಟಕ್ ಎಂದು ಬೇಲಿ. ಉತ್ತರಕ್ಕೆ ತಿರುಗಿಸಿದರೆ ಬೇಲಿ ಎಲ್ಲೋ ಕೆರೆಯಾಚೆ ಬಟ್ಟೆ ಒಗೆದಷ್ಟು ಸಣ್ಣಗೆ. ನಾನು ಮಕ್ಕಳ ಹಾಗೆ ಅತ್ತ ಇತ್ತ ತಿರುಗಿಸುತ್ತ ಕೂತೆ. ಮೊದಲ ವಾರದಲ್ಲೇ ಜಪಾನು, ಅಲಾಸ್ಕಾ ಸಿಕ್ಕವು. ಮುದುಕ ಮಾತ್ರ ಸಿಗಲಿಲ್ಲ. ಒಂದು ಬೆಳಗ್ಗೆ ಅವನ ಕರೆ-ಸಂಕೇತದ, ಅಂದರೆ ಲೈಸೆನ್ಸಿನ ಜೊತೆ ಸಿಗುವ ರೇಡಿಯೊ ಹೆಸರಿನ, ಅರ್ಧ ಕೇಳಿಸಿತು, ಅಷ್ಟರಲ್ಲಿ ಬಿಸಿಲು ಬಂದು ಅಳಿಸಿತು. ಹೀಗೇ ಮೂರು ವಾರ ಕಳೆಯಿತು. ಕೊನೆಗೆ ಅವನು ಇಮೇಲ್ ಬರೆದ: ನಿನ್ನ ನಾಳೆಯ ಬೆಳಗ್ಗೆಯೇ ಕಡೆಯದು, ಆಮೇಲೆ ಗೋಪುರ ಇಳಿಸುವವರು ಬರುತ್ತಾರೆ.

ಅವತ್ತು ಸಂಜೆ ಅಣ್ಣ ಹೊಲಕ್ಕೆ ಹೋಗುತ್ತಿದ್ದರು. ಅವರ ರಾಗಿ ಒಣಗಿ, ತೆನೆ ಮುಷ್ಟಿ ಕಟ್ಟಿ ನಿಂತಿತ್ತು. ಕೊಯ್ಯುವವರು ಸಿಗದೆ ಕೊಯ್ಲು ಎರಡು ದಿನ ಮುಂದೆ ಹೋಗಿತ್ತು. ಅಲ್ಲಿಯವರೆಗೆ ಅಟ್ಟಣೆಯ ಮೇಲೆ ಮಲಗಿ ಕಾಯುತ್ತಿದ್ದರು. ಖುಷಿಯೂ ದುಗುಡವೂ ತಡೆಯದೆ ನಾನು ಕೂಗಿ ಹೇಳಿದೆ: “ಅಣ್ಣಾ, ನಾಳೆ ಬೆಳಗಿನ ಜಾವ ಕೆನಡಾದಿಂದ ನನ್ನ ನೆಂಟ ಬರ್ತಾನೆ, ರೇಡಿಯೊದಲ್ಲಿ. ಇದೇ ಕೊನೇ ಸಲ.”

“ಬರ್ಲಿ ಬರ್ಲಿ” ಎಂದು ನಗುತ್ತ ಹೋದರು.

ಬೆಳಿಗ್ಗೆ ಐದೂವರೆಗೆ ಕಿವಿಗೆ ಹೆಡ್‌ಫೋನು ಹಾಕಿ, ಗುಂಡಿ ಉತ್ತರಕ್ಕಿಟ್ಟು ಕೂತೆ. ಅಷ್ಟು ನಿಶ್ಶಬ್ದವನ್ನು ಆ ಪಟ್ಟಿಯಲ್ಲಿ ನಾನು ಕೇಳಿರಲಿಲ್ಲ. ಕೆರೆಯಾಚೆಯ ಆ ಸಣ್ಣ ಬಡಿತವೂ ಇರಲಿಲ್ಲ. ನನ್ನ ಕೊಳವೆಗಳು ಇವತ್ತು ತಮ್ಮ ಕೈಲಾದದ್ದನ್ನೆಲ್ಲ ಮಾಡುತ್ತಿವೆ ಎಂದುಕೊಂಡು ಹಿಗ್ಗಿದೆ. ಆರೂ ಕಾಲಿಗೆ, ಉಸಿರಿಗಿಂತ ಮೆಲ್ಲಗೆ, ಅವನು ಬಂದ. ಅದೇ ಬೆರಳು, ಅದೇ ಲಯ. ಗೆರೆಗಳನ್ನು ಸ್ವಲ್ಪ ಎಳೆಯುವ ಅದೇ ಚಾಳಿ. ನನ್ನ ಕರೆ-ಸಂಕೇತ ಕಳಿಸಿದ, ನಾನು ಅವನದನ್ನು ಕಳಿಸಿದೆ, ಇಬ್ಬರೂ ಕೇಳಿಸಿದ್ದಕ್ಕೆ ಗುರುತು ಕೊಟ್ಟುಕೊಂಡೆವು. ‘ನಮಸ್ತೆ’ ಎಂದು ಒಂದೊಂದೇ ಅಕ್ಷರ ಹೊಡೆದ. ನನಗೆ ಅಳು ಬಂತು. ಆಮೇಲೆ ಬೆಳಕಾಯಿತು, ಅವನು ಮುಳುಗಿಹೋದ.

ಹೆಂಡತಿಯನ್ನು ಎಬ್ಬಿಸಿ ಕರೆತಂದೆ. ಕೊಳವೆಗಳ ಮಹಿಮೆ ತೋರಿಸಬೇಕಲ್ಲ. “ನೋಡು, ಉತ್ತರಕ್ಕೆ ಬೇಲಿ ಕೇಳುತ್ತಾ? ಇಲ್ಲ. ಈಗ ದಕ್ಷಿಣಕ್ಕೆ ತಿರುಗಿಸ್ತೀನಿ, ಕೇಳು” ಎಂದು ತಿರುಗಿಸಿದೆ.

ದಕ್ಷಿಣದಲ್ಲೂ ಬೇಲಿ ಇರಲಿಲ್ಲ.

ಚಪ್ಪಲಿ ಮೆಟ್ಟದೆ ಓಡಿದೆ. ಕಾಡಿನ ಕಡೆಯ ಮೂಲೆಯಲ್ಲಿ ಕಂಬ ಮಲಗಿತ್ತು, ಅಲ್ಲಿಂದ ಹೊಲದ ನಡುವಿನವರೆಗೆ ರಾಗಿ ಚಾಪೆ ಹಾಸಿದಂತೆ ಒರಗಿತ್ತು. ಕಾಲುಭಾಗ ಹೋಗಿತ್ತು. ಅಣ್ಣ ಅಟ್ಟಣೆಯ ಕೆಳಗೆ ಬೀಡಿ ಸೇದುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು ಮೊದಲು ಕೇಳಿದ್ದು ಇದು:

“ನೆಂಟ್ರು ಬಂದ್ರಾ ಮೇಷ್ಟ್ರೆ?”

“ಬಂದ್ರು ಅಣ್ಣಾ. ಇದೇನಾಯ್ತು? ಬೇಲಿ?”

“ನಾನೇ ಆಫ್ ಮಾಡ್ದೆ. ನೆಂಟ್ರು ಬತ್ತಾರೆ ಅಂದ್ರಲ್ಲ, ನಾಯಿ ಕಟ್ಟಾಕ್ದೆ. ಅಷ್ಟೊತ್ಗೆ ಸಲಗ ಬಂತು, ಒಂಟಿ.”

“ಪಟಾಕಿ ಹೊಡೀಬಾರದಾಗಿತ್ತಾ? ಕೂಗಬಾರದಾಗಿತ್ತಾ?”

“ಪಟಾಕಿ ಕೈಯಲ್ಲೇ ಇತ್ತು. ನಿಮ್ಗೆ ಸದ್ದಾಯ್ತದೆ ಅಂತ ಸುಮ್ಕಾದೆ. ಅದೂ ಉಣ್ತು, ಓಯ್ತು.” ಆಮೇಲೆ ಬೀಡಿ ಎಸೆದು, “ಚೆನ್ನಾಗ್ ಮಾತಾಡುದ್ರಾ?” ಎಂದರು.

“ಎರಡೇ ಮಾತು ಅಣ್ಣಾ.”

“ಅಷ್ಟು ದೂರದಿಂದ ಬಂದು ಎಲ್ಡೇ ಮಾತಾ?”

ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಬಿದ್ದರೆ ಗಾಬರಿಯಾಗುತ್ತಾರೆಂದು ಕುಡುಗೋಲು ಕೇಳಿದೆ. ನಾನು, ಹೆಂಡತಿ, ಅವರ ಮನೆಯವರು ಸೇರಿ ಆವತ್ತೇ ಕೊಯ್ಲು ಶುರು ಮಾಡಿದೆವು. ಹೊತ್ತು ಮುಳುಗುವ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು.

ರಾಗಿ ಕಣಕ್ಕೆ ಬಂದು, ಬೇಲಿಯ ಕಂಬ ಮತ್ತೆ ನಿಂತ ಮೇಲೆ ಒಂದು ಸಂಜೆ ಅಣ್ಣನನ್ನು ಮನೆಗೆ ಕರೆದೆ. ನಿಜ ಹೇಳದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಹೆಡ್‌ಫೋನು ಅವರ ಕಿವಿಗೆ ಹಾಕಿ, ಗುಂಡಿ ದಕ್ಷಿಣಕ್ಕೆ ತಿರುಗಿಸಿದೆ.

“ಇದು ನನ್ ಬೇಲಿನಾ?” ಮುಖ ಅರಳಿತು. “ಚೆನ್ನಾಗ್ ಬೊಗುಳ್ತದೆ.”

ಉತ್ತರಕ್ಕೆ ತಿರುಗಿಸಿದೆ. ಅವರು ತಲೆ ಓರೆ ಮಾಡಿ ಬಹಳ ಹೊತ್ತು ಕೇಳಿದರು. ಹಗ್ಗ ಹಿಡಿದು ಕರ್ಣ ಅಳೆದವರಿಗೆ ಇದು ತಿಳಿಯದೆ ಹೋದೀತೆ?

“ಅಂಗಾರೆ ಮೇಷ್ಟ್ರೆ, ಅವತ್ತು ನಾನ್ ಕಟ್ಟಾಕ್ದೆ ಇದ್ರೂ ನಿಮ್ ನೆಂಟ್ರು ಬತ್ತಿದ್ರಾ?”

ಮುದುಕನ ದನಿ ಎಷ್ಟು ಸಣ್ಣಗಿತ್ತೆಂದು ನೆನಪಿಸಿಕೊಂಡೆ. ಕೆರೆಯಾಚೆಯ ಆ ಬಡಿತವೂ ಇದ್ದಿದ್ದರೆ? ಬಹುಶಃ ಕೇಳುತ್ತಿತ್ತು. ಬಹುಶಃ ಇಲ್ಲ.

“ನಿಜವಾಗ್ಲೂ ಗೊತ್ತಿಲ್ಲ ಅಣ್ಣಾ” ಎಂದೆ.

ಅವರು ಹೆಡ್‌ಫೋನು ತೆಗೆದು ಜೋಪಾನವಾಗಿ ಮೇಜಿನ ಮೇಲಿಟ್ಟರು.

“ಗೊತ್ತಿಲ್ಲ ಅಂದ್ಮ್ಯಾಲೆ ಕಟ್ಟಾಕಿದ್ದೇ ಸರಿ ಬುಡಿ.”