ಸುಳಿ ಏಳದ ಹರಿವು

ನಾ ಅಭ್ಯಾಸ ಮಾಡೋದು ಬೆಳಕಿನ ಹರಿವು. ನಗಬ್ಯಾಡ್ರಿ, ಖರೆ ಅದು. ಎರಡು ಸಣ್ಣ ಕನ್ನಡಿ ನಡುವ ಸಿಕ್ಕ ಬೆಳಕು ಅಲ್ಲಿನ ವಸ್ತುವಿನ ಜೋಡಿ ಬೆರೀತಂದ್ರ ನೀರಿನಂಗ ಹರೀತೈತಿ. ಮೆಲ್ಲಕ ಹರಿದರ, ಅಡ್ಡ ಏನಿದ್ರೂ ಸುಳಿ ಇಲ್ಲ, ತೆರಿ ಇಲ್ಲ. ಮಿತಿ ಮೀರಿ ಜೋರಾತಂದ್ರ ಮಾತ್ರ ಸುಳಿ ಏಳತಾವ. ಹಿಪ್ಪರಗಿ ಬ್ಯಾರೇಜಿನ ಕಂಬಕ್ಕ ಬಡಿಯೋ ಕೃಷ್ಣೆಗೆ ಆ ಭಾಗ್ಯ ಇಲ್ಲ.

"ಅದನ್ನ ನೋಡಾಕ ಕನ್ನಡಿ ಯಾಕ ಬೇಕ ಬೇ? ನಮ್ಮ ಮನ್ಯಾಗ ಇಬ್ಬರದಾರಲ್ಲ" ಅಂದ್ಲು ಚಿಗವ್ವ.

ಇಬ್ಬರಂದ್ರ ನಮ್ಮಪ್ಪ ಮತ್ತು ಆಕಿ ಗಂಡ, ನಮ್ಮ ಕಾಕಾ. ರಬಕವಿಯೊಳಗ ಒಂದೇ ಮನಿ, ಒಂದೇ ಮಗ್ಗದ ಕೋಣಿ, ಮಾತಿಲ್ಲ. ಜಗಳ ಯಾತಕ್ಕಾತು ಅನ್ನೋದು ಮರತಾರ, ಸೊಕ್ಕು ಮರತಿಲ್ಲ. ಆದರ ಸೀರಿಯ ಸೆರಗಿನ ಎಳಿಗೆ ಅದರ ಮೈಯಿನ ಎಳಿ ಕೊಂಡಿ ಹಾಕಿ ಜೋಡಸಬೇಕಂದ್ರ ಇಬ್ಬರು ಎದುರಾಬದುರ ಕೂಡಬೇಕು. ಕೂಡತಿದ್ರು.

"ಎಳಿ ಸಡಲ ಬಿಡಂತ ಹೇಳ ಅವಗ" ಅಂತಿದ್ದ ಅಪ್ಪ ನನಗ.

"ಬಿಟ್ಟೇನಂತ ಹೇಳ" ಅಂತಿದ್ದ ಕಾಕಾ.

ಮೊಳದಷ್ಟು ದೂರಕ್ಕ ನಾ ಟಪಾಲಿನವಳು! ಇಬ್ಬರ ಜಗಳ ಮೂರನೆಯವರಿಗೆ ಲಾಭ ಅಂತಾರ. ನನಗ ಸಿಕ್ಕಿದ್ದು ಪಗಾರಿಲ್ಲದ ನೌಕರಿ. ಸಿಟ್ಟು ಬರತಿತ್ತು. ಆದರೂ ಒಂದು ಎಳಿ ಕಡೀತಿದ್ದಿಲ್ಲ, ಯಾರ ದನಿಯೂ ಏರತಿದ್ದಿಲ್ಲ. ನಮ್ಮ ಮನಿ ಛಲೋ ನಡದೈತಿ ಅಂತ ನಾನೂ ಅನ್ಕೊಂಡಿದ್ದೆ.

ಈ ಬ್ಯಾಸಿಗ್ಯಾಗ ಕಾಕಾನ ಗಂಟಲಾಗ ಗಂಟು ಬಂತು. ಧ್ವನಿಪೆಟ್ಟಿಗಿ ತಗೀಬೇಕು, ಆಮ್ಯಾಲ ಮಾತು ಇರೂದಿಲ್ಲ ಅಂದ್ರು ಮಿರಜದ ಡಾಕ್ಟರು. ಚಿಗವ್ವ ಅಪ್ಪನ ಮುಂದ ಸೆರಗೊಡ್ಡಿದ್ಲು: "ಭಾವಾರ, ಅವರ ದನಿ ಇರೋದ್ರಾಗ ಒಂದ ಸಲ ಮಾತಾಡಸ್ರಿ." ಅಪ್ಪ ಧೋತರ ಜಾಡಿಸಿ ಎದ್ದು ಹೋದ.

ಮರುದಿನ ಇಬ್ಬರೂ ಕೊಂಡಿ ಹಾಕಾಕ ಕುಂತರು. ನಾ ಬೇಕಂತ ಹೊರಗ ನಿಂತೆ. ನಾ ಇಲ್ಲಂದ್ರ ಒಬ್ಬರರ ಬಾಯಿ ಬಿಟ್ಟಾರು ಅಂತ ಆಸೆ. ಇಬ್ಬರೂ ಪಿಟ್ಟನ್ನದ ಕೆಲಸ ಮುಗಿಸಿದ್ರು.

ಮಿರಜಕ್ಕ ಹೊಂಟಾಗ ಕಾಕಾ ಗಾಡಿ ಹತ್ತಿ ನನ್ನ ಕರದ. "ಅಣ್ಣಗ ಹೇಳ, ಹೊತ್ತಿಗೆ ಸರಿಯಾಗಿ ಉಣ್ಣಂತ." ಅಪ್ಪ ನನ್ನ ಬಾಜೂಕ ನಿಂತಿದ್ದ. ನಾ ಹೊಳ್ಳಿ ಅವಗ ಹೇಳಿದೆ. ಅಪ್ಪ "ಹೂಂ ಅಂದೇನಂತ ಹೇಳ" ಅಂದ. ಗಾಡಿ ಹೋತು. ಭಾಳ ಕೆಟ್ಟನಿಸಿತು ನನಗ.

ಕಾಕಾ ಕೊರಳಿಗೆ ಬಟ್ಟಿ ಸುತಗೊಂಡು ತಿರುಗಿ ಬಂದ. ಕೆಲವು ವಾರ ಆದಮ್ಯಾಲ ಮತ್ತ ಮಗ್ಗದ ಮುಂದ ಕುಂತಾಗ ಅಪ್ಪ ಅವನ ಮಾರಿ ನೋಡಿ ಕೇಳಿದ.

"ತಮ್ಮಾ, ಎಳಿ ಬಿಗಿ ಆತೇನೋ?"

ಕಾಕಾನ ತುಟಿ ಅಲುಗಿದವು. ಆಮ್ಯಾಲ ಹಳೇ ರೂಢಿಯಂಗ ನನ್ನ ಕಡೆ ನೋಡಿದ, ಹೇಳ ಅವಗ ಅನ್ನುವಂಗ. ಅಪ್ಪನೂ ನನ್ನ ಕಡೆ ತಿರುಗಿ ಕಾಯ್ಕೋತ ಕುಂತ. ನನಗ ಒಂದಕ್ಷರನೂ ಕೇಳಿಸಿರಲಿಲ್ಲ.