ಎಡಗಾಲಿನ ಬ್ರೇಕು

ನಮ್ಮ ಬೀದಿಯ ತಿರುವಿನಲ್ಲಿ ಶೂ ಹೊಲಿಯುವವನೊಬ್ಬನಿದ್ದಾನೆ. ನನ್ನ ಬಳಿ ನಾಲ್ಕು ವರ್ಷ ಓದಿದವನು. ಲೆಕ್ಕದಲ್ಲಿ ಹಿಂದೆ, ರೇಖಾಗಣಿತದಲ್ಲಿ ಮುಂದೆ. ಯಾರೇ ಅಂಗಡಿಯ ಮೆಟ್ಟಿಲು ಹತ್ತಲಿ, ಮುಖ ನೋಡುವ ಮೊದಲು ಕಾಲು ನೋಡುತ್ತಾನೆ. ಅದಕ್ಕೇ ಅವನಿಗೆ ‘ಅಳತೆ’ ಎಂದು ಹೆಸರು ಬಿದ್ದದ್ದು. ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ.

ಅವನು ಈ ಕಸುಬಿಗೆ ಇಳಿದದ್ದು ಅಕ್ಕನಿಗಾಗಿ. ಚಿಕ್ಕಂದಿನ ಕಾಯಿಲೆಯೊಂದು ಅವಳ ಎಡಗಾಲನ್ನು ಎರಡು ಬೆರಳಷ್ಟು ಗಿಡ್ಡ ಮಾಡಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಇವನು ಅಡಿ ಎತ್ತರಿಸಿದ ಶೂ ಹೊಲಿದು ಕೊಟ್ಟ; ಅವಳು ಅದನ್ನು ತೊಟ್ಟು ಕುಂಟದೆ ನಡೆದಳು. ಮುಂದೆ ಅವಳಿಗೆ ರಕ್ತಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಕೆಲಸ ಸಿಕ್ಕಿತು. ಗಂಡನ ಹಳೆಯ ಮೋಟಾರ್ ಸೈಕಲ್ಲನ್ನೇ ಓಡಿಸಿಕೊಂಡು ಮನೆಮನೆಗೆ ಹೋಗಿ ರಕ್ತ ತೆಗೆದು ತರುತ್ತಿದ್ದಳು. ನಾನು ಹೊಲಿದ ಶೂ ಹಾಕಿಕೊಂಡು ನಮ್ಮಕ್ಕ ಮೋಟಾರ್ ಸೈಕಲ್ ಓಡಿಸುತ್ತಾಳೆ ಎಂದು ಗಿರಾಕಿಗಳಿಗೆ ಹೇಳದೆ ಇವನು ಅಳತೆಪಟ್ಟಿಯನ್ನೇ ಬಿಚ್ಚುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಗಾಡಿ ನಾಲ್ಕು ವರ್ಷ ಮಹಡಿ ಮೆಟ್ಟಿಲ ಕೆಳಗೆ ನಿಂತುಬಿಟ್ಟಿತು. ಅವಳೂ ಕೆಲಸ ಬಿಟ್ಟಿದ್ದಳು. ಕಳೆದ ವರ್ಷ ಪ್ರಯೋಗಾಲಯದವರು ಮತ್ತೆ ಕರೆದರು; ಹಾಸಿಗೆ ಹಿಡಿದ ಹಳೆಯ ರೋಗಿಗಳು ಸೂಜಿಗೆ ಅವಳ ಕೈಯೇ ಬೇಕೆನ್ನುತ್ತಿದ್ದರಂತೆ. ಬಸ್ಸಿನ ಮೆಟ್ಟಿಲು ಅವಳಿಂದಾಗದು, ಹೊಸ ಗಾಡಿ ಕೊಳ್ಳುವ ಮಾತು ದೂರ. ಒಂದನೇ ತಾರೀಖಿಗೆ ಕೆಲಸಕ್ಕೆ ಸೇರಬೇಕು, ಅಷ್ಟರೊಳಗೆ ಗಾಡಿಯನ್ನು ಓಡುವ ಹಾಗೆ ಮಾಡಿಕೊಡು ಎಂದು ತಮ್ಮನನ್ನು ಕೇಳಿದಳು. ಓಡುವ ಹಾಗೆ ಯಾಕೆ, ಕಂಪನಿಯಿಂದ ಬಂದ ಹಾಗೆ ಮಾಡಿಕೊಡುತ್ತೇನೆ ಎಂದ ಇವನು.

ಕೈಯಲ್ಲಿ ಕಾಸು ಕಡಿಮೆ, ಹುಮ್ಮಸ್ಸು ಹೆಚ್ಚು. ಗುಜರಿ ಅಂಗಡಿಯಲ್ಲಿ ಮೂರು ಸತ್ತ ಗಾಡಿಗಳನ್ನು ಜಾಲಾಡಿ ಚಕ್ರದ ಕಡ್ಡಿ, ಹಿಂದಿನ ದೀಪ, ಕಾರ್ಬುರೇಟರ್ ತಂದ. ಮೆಕ್ಯಾನಿಕ್ಕಿಗೂ ಬೆಸುಗೆಯವನಿಗೂ ಕೂಲಿಯ ಬದಲು ಒಂದೊಂದು ಜೊತೆ ಶೂ. ಮಡ್‌ಗಾರ್ಡಿನ ತಗ್ಗುಗಳಿಗೆ ಶೂ ಹೊಲಿಯುವ ಮರದ ಅಚ್ಚನ್ನೇ ಒಳಗಿಟ್ಟು ಬಡಿದ. ಉಳಿದಿದ್ದ ಚರ್ಮದಲ್ಲಿ ಸೀಟು ಹೊಲಿದ. ಆ ಹೊಲಿಗೆಯನ್ನು ಈಗಲೂ ಮುಟ್ಟಿ ನೋಡಬೇಕೆನಿಸುತ್ತದೆ. ಗೋಡೆಯ ಮೇಲೆ ಆ ಗಾಡಿಯ ಹಳೆಯ ಜಾಹೀರಾತಿನ ಚಿತ್ರ ಅಂಟಿಸಿಕೊಂಡಿದ್ದ. ಚಿತ್ರದಲ್ಲಿ ಇಲ್ಲದ್ದು ಗಾಡಿಯಲ್ಲೂ ಇರಕೂಡದು.

ಚಿತ್ರದಲ್ಲಿಲ್ಲದೆ ಗಾಡಿಯಲ್ಲಿದ್ದದ್ದು ಒಂದೇ. ಆ ಕಾಲದ ಗಾಡಿಗಳಲ್ಲಿ ಬ್ರೇಕು ಎಡಗಾಲಿಗೆ. ಅದರ ಪೆಡಲ್ ಮೇಲೆ ಅಂಗೈಯಗಲದ ಕಬ್ಬಿಣದ ತಗಡೊಂದನ್ನು ಓರೆಯಾಗಿ, ಹಿಂದಕ್ಕೆ ಚಾಚಿ ಬೆಸೆದಿದ್ದರು. ಬೆಸುಗೆ ಗಂಟುಗಂಟು. ತೀರಿಕೊಂಡ ಭಾವನ ಕೈಕೆಲಸವೆಂದು ಬೇರೆ ಹೇಳಬೇಕಾಗಿರಲಿಲ್ಲ. ಅವರು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಗೋಡೆಗೆ ಮೊಳೆ ಹೊಡೆಯಲು ಹೋಗಿ ಬೆರಳಿಗೆ ಹೊಡೆದುಕೊಳ್ಳುವ ಪೈಕಿ.

“ಇದು ಬ್ರೇಕೋ, ಮಣ್ಣೆತ್ತೋ ಸಲಿಕೆಯೋ ಮೇಷ್ಟ್ರೇ?” ಎಂದ ಅಳತೆ. ಬೆಸುಗೆಯವನು ನಕ್ಕ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ. ಕತ್ತರಿಸಿದ ತಗಡು ಗುಜರಿಯ ಮೂಟೆ ಸೇರಿತು.

ಒಂದನೇ ತಾರೀಖಿಗೆ ಮೂರು ದಿನ ಇರುವಾಗ ಅಕ್ಕ ಬಂದಳು. ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಅವಳು ಗಾಡಿಯನ್ನು ಒಂದು ಸುತ್ತು ಹಾಕಿ, ನನ್ನ ಮದುವೆಯ ಕಾಲದಲ್ಲೂ ಇದು ಇಷ್ಟು ಲಕ್ಷಣವಾಗಿರಲಿಲ್ಲ ಎಂದು ನಗಾಡಿದಳು. ಇವನು ಒದ್ದ ಎರಡನೆಯ ಒದೆತಕ್ಕೆ ಎಂಜಿನ್ ಹತ್ತಿತು. ಅವಳು ಹತ್ತಿ ಕುಳಿತಳು. ಎಡಗಾಲು ಗಾಳಿಯಲ್ಲಿ ಏನನ್ನೋ ಹುಡುಕಿತು.

“ಇಲ್ಲೊಂದು ತಗಡು ಇತ್ತಲ್ಲೋ?”

“ಆ ಸಲಿಕೆನಾ? ಕಿತ್ತು ಬಿಸಾಕ್ದೆ ಅಕ್ಕ. ಭಾವನ ಕೈಕೆಲಸ ನಿಂಗೊತ್ತಲ್ಲ.”

ನಿಂತವರು ನಕ್ಕರು. ಅವಳು ಶೂವಿನ ತುದಿಯನ್ನು ಪೆಡಲ್ ಮೇಲಿಟ್ಟು ಒತ್ತಲು ನೋಡಿದಳು. ಪಾದ ಬಾಗಲಿಲ್ಲ. ಇಡೀ ಕಾಲನ್ನೇ ಎತ್ತಿ ಇಟ್ಟಳು, ಜಾರಿತು. ಎಂಜಿನ್ ಆರಿಸಿ, ಸುತ್ತ ನಿಂತವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು: “ಈ ಕಾಲಿನ ಕೀಲು ಬಗ್ಗಲ್ಲ ಕಣೋ. ನಾನು ಹಿಮ್ಮಡೀಲಿ ಒತ್ತೋದು.”

ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಕೇಳಿಸದಿದ್ದರೆ ಚೆನ್ನಾಗಿತ್ತು.

ಒಳಗೆ ಕುಳಿತ ಮೇಲೆ ಅವಳೇ ಉಳಿದದ್ದನ್ನು ಹೇಳಿದಳು. ಮೆಕ್ಯಾನಿಕ್ ಅಂಗಡಿಯಲ್ಲಿ ಅಷ್ಟು ಗಂಡಸರ ಮುಂದೆ ಹೆಂಡತಿ ಶೂ ಕಳಚಿ ಕಾಲು ತೋರಿಸುವುದು ಬೇಡವೆಂದು ಭಾವ ಯಾರದೋ ಬೆಸುಗೆ ಯಂತ್ರವನ್ನು ಎರವಲು ತಂದಿದ್ದರಂತೆ. ಮೂರು ಭಾನುವಾರ ಹಿತ್ತಲಿನಲ್ಲಿ ಅವಳನ್ನು ಗಾಡಿಯ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕುಳಿತು, ತಗಡನ್ನು ಕೀಳುವುದು, ಬೆಸೆಯುವುದು, ಈಗ ಒತ್ತು ಎನ್ನುವುದು. ಮುಂಗೈ ಸುಟ್ಟುಕೊಂಡರೂ ಬಿಡಲಿಲ್ಲ.

“ನಂಗ್ಯಾಕೆ ಹೇಳಲಿಲ್ಲ?” ಎಂದ ತಮ್ಮ.

“ಹೇಳೋಣ ಅಂದೆ. ಬೇಡ, ಶೂ ಮಾಡಿ ನಿನ್ನ ಕಾಲೇ ಸರಿಮಾಡಿದೀನಿ ಅಂದ್ಕೊಂಡಿದಾನೆ, ಪಾಪ ಬೇಜಾರು ಮಾಡ್ಕೋತಾನೆ ಅಂದ್ರು ನಿಮ್ಮ ಭಾವ.”

ಅವನು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ತರಗತಿಯಲ್ಲಿ ಬೆತ್ತ ಹಿಡಿದಿದ್ದಾಗಲೂ ಯಾರೊಬ್ಬರ ಮುಖ ಅಷ್ಟು ಕುಗ್ಗಿದ್ದನ್ನು ನಾನು ಕಂಡಿಲ್ಲ.

ಆ ಮಧ್ಯಾಹ್ನ ನಾನೂ ಅವನ ಜೊತೆ ಗುಜರಿ ಅಂಗಡಿಗೆ ಹೋದೆ. ಮೂಟೆ ವಾರದ ಹಿಂದೆಯೇ ಲಾರಿ ಹತ್ತಿ ಹೋಗಿತ್ತು. ಬರುವ ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು: “ಮೂವತ್ತು ವರ್ಷದಿಂದ ಆ ಕಾಲಿನ ಉದ್ದ, ಅಗಲ, ಎತ್ತರ ತಗೊಂಡಿದೀನಿ ಮೇಷ್ಟ್ರೇ. ಬಗ್ಗುತ್ತಾ ಅಂತ ಒಂದು ಸಲಾನೂ ಕೇಳಿಲ್ಲ.” ಸಮಾಧಾನ ಹೇಳಲು ನನಗೆ ಯಾವ ಅಧಿಕಾರವಿತ್ತು?

ಮರುದಿನ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಅಕ್ಕನನ್ನು ಗಾಡಿಯ ಮೇಲೆ ಕೂರಿಸಿದ. ಶೂವಿಗೆ ಚರ್ಮ ಕತ್ತರಿಸುವ ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡುವುದು ಅವನ ಪದ್ಧತಿ. ತಗಡಿಗೂ ಹಾಗೆಯೇ ಮಾಡಿದ. ಒಂಬತ್ತನೆಯ ರಟ್ಟು ಹಿಮ್ಮಡಿಗೆ ಒಪ್ಪಿತು. ಅದನ್ನು ಹಿಡಿದು ಬೆಸುಗೆಯವನ ಬಳಿಗೆ ಹೋಗಿ, ಅಂದು ನಾವು ನಕ್ಕದ್ದು ಯಾವುದಕ್ಕೆ ಎಂಬುದನ್ನು ಅವನಿಗೂ ಬಿಡಿಸಿ ಹೇಳಿ, ತಗಡು ಬೆಸೆಸಿಕೊಂಡು ಬಂದ.

ಅವನು ನೆಲದ ಮೇಲೆ ಕುಳಿತು ಚಕ್ರ ತಿರುಗಿಸಿದ, ಅಕ್ಕ ಒತ್ತಿದಳು. ಚಕ್ರ ನಿಂತಿತು. ಸಾಕು, ಹಿಡಿಯಿತು, ಏಳು ಎಂದಳು. ಅವನು ನೆಲದಿಂದ ಏಳಲಿಲ್ಲ.

“ಶೂ ಹಾಕ್ಕೊಂಡ್ರೆ ನೋವಾಗತ್ತಾ ಅಕ್ಕ?”

“ಸಂಜೆ ಹೊತ್ತಿಗೆ ಆಗತ್ತೆ,” ಎಂದಳು. “ಮೊದಲಿಂದಲೂ.”

ಹೊಸ ಶೂ ಮಾಡಲು ಅವನು ಆಗಲೇ ಕುಳಿತನಾದರೂ ಅದು ಒಂದು ದಿನದ ಕೆಲಸವಲ್ಲ. ಒಂದನೇ ತಾರೀಖು ಬೆಳಿಗ್ಗೆ ಅವಳು ಹಳೆಯದನ್ನೇ ತೊಟ್ಟು, ರಕ್ತದ ಸೀಸೆಗಳ ಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು ಹೊರಟಳು. ಬೀದಿಯವರೆಲ್ಲ ನೋಡಲು ಬಂದಿದ್ದರು. ಗಾಡಿಯ ಸದ್ದು ಪೂರ್ತಿ ಅಡಗುವವರೆಗೂ ಅವಳ ತಮ್ಮ ಮಾತ್ರ ಅಂಗಡಿಯಿಂದ ಹೊರಗೆ ಬರಲಿಲ್ಲ.