ಗಾಜಿನ ಕೆಳಗಿನ ಬಿಸಿಲು

"ನಿಮ್ಮ ಮೈಯಾಗ ಬಿಸ್ಲು ಸಾಲವಲ್ದಮ್ಮ" ಎಂದು ಡಾಕ್ಟರು ಹೇಳಿದ್ದು ಬಳ್ಳಾರಿಯಲ್ಲಿ, ಅದೂ ನಡು ಬೇಸಿಗೆಯಲ್ಲಿ. ಆಸ್ಪತ್ರೆಯ ಹೊರಗೆ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ನನ್ನ ರಕ್ತದಲ್ಲಿ ಸಕ್ಕರೆ ಹೆಚ್ಚು, ವಿಟಮಿನ್ ಡಿ ತೀರಾ ಕಡಿಮೆ.

"ಸಕ್ಕರಿ ಕಾಯಿಲೆ ಇದ್ದವ್ರಾಗ ಇದು ಕಮ್ಮಿ ಇರೋದು ಬಾಳ ನೋಡ್ತೀವಿ. ಒಂದು ಪುಡಿ ಬರ್ದೀನಿ, ಅದು ಸಕ್ಕರಿ ಗುಳಿಗಿ ಬದ್ಲಿ ಅಲ್ಲ, ಗುಳಿಗಿ ಬಿಡಂಗಿಲ್ಲ. ಇದು ಎಲುಬಿಗೆ. ವಾರಕ್ಕೊಂದು ಹಾಲಾಗ ಹಾಕಿ ತಗೊಳ್ರಿ. ದಿನಾ ಕೈಕಾಲಿಗೆ ಒಂದೀಟು ಬಿಸ್ಲು ಬೀಳ್ಲಿ" ಎಂದರು.

ಬರುವಾಗ ಆಟೋದಲ್ಲಿ ನಮ್ಮ ಮನೆಯವರು ನಕ್ಕಿದ್ದೇ ನಕ್ಕಿದ್ದು. "ಬಳ್ಳಾರಿಗೆ ಬಂದು ಬಿಸ್ಲು ಕಮ್ಮಿ ಆತು ಅಂದ್ರ ಯಾರಾರ ನಂಬ್ತಾರೇನು? ಕರೂರಾಗ ಹೇಳಿಗೀಳೀಯ, ಮರ್ಯಾದಿ ಹೋಗ್ತೈತಿ."

ಈಗ ಅವರಿಲ್ಲ. ಅದಕ್ಕೇ ಊರಿನವರಿಗೂ ತಿಳಿಯುವಂತೆ ಬರೆಯುತ್ತಿದ್ದೇನೆ.

ಸಿರುಗುಪ್ಪದ ಕಡೆಯ ನಮ್ಮೂರು ಕರೂರಿನಲ್ಲಿ ನಾವು ಬಿಸಿಲನ್ನು ಬೇಡಿದವರಲ್ಲ, ಬೈದವರು. ನಾಟಿಯ ದಿನಗಳಲ್ಲಿ ಕಾಲು ಕಾಲುವೆಯ ನೀರಿನಲ್ಲಿ, ಬೆನ್ನು ಬಿಸಿಲಿನಲ್ಲಿ. ತೋಳು ಎರಡು ಬಣ್ಣವಾಗುತ್ತಿತ್ತು, ಕುಪ್ಪಸದ ಒಳಗೊಂದು, ಹೊರಗೊಂದು. ಬಳ್ಳಾರಿಗೆ ಬಂದ ಮೇಲೆ ನನ್ನ ತೋಳು ಒಂದೇ ಬಣ್ಣಕ್ಕೆ ತಿರುಗಿತು. ಮನೆಯವರು ಜೀನ್ಸ್ ಹೊಲಿಯುತ್ತಿದ್ದರು. ನಾನು ಮನೆಯಲ್ಲೇ ಧಾಗಾ ಕಟಿಂಗ್ ಮಾಡುತ್ತಿದ್ದೆ, ಅಂದರೆ ಹೊಲಿದ ಪ್ಯಾಂಟಿನ ಉಳಿದ ದಾರ ಕತ್ತರಿಸುವ ಕೆಲಸ. ಹಗಲಿಗೂ ಟ್ಯೂಬ್‌ಲೈಟು. ನಮ್ಮದು ಗಲ್ಲಿಯ ಕೊನೆಯ ಕೋಣೆ, ಮೂರು ಕಡೆ ಬೇರೆಯವರ ಗೋಡೆ. ಓಣಿಯಲ್ಲಿ ಅರ್ಧ ಜನ ತೆಲುಗು ಆಡುವವರು, ಬಿಸಿಲಿಗೆ 'ಎಂಡ' ಅನ್ನುತ್ತಾರೆ. ಅವರಿಂದ ನಾನು ಕಲಿತ ಮೊದಲ ಮಾತೇ ಅದು. ಕಲಿತ ಮಾತು ಬಾಯಲ್ಲಿತ್ತು, ಮೈಮೇಲೆ ಇರಲಿಲ್ಲ.

ಒಂದು ಮುಂಜಾನೆ ನಮ್ಮ ಮನೆಯವರು ಚಹಾದ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡರು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗಲಿಲ್ಲ.

ನಮ್ಮಲ್ಲಿ ಗಂಡ ತೀರಿದವಳು ಇದ್ದತ್ ಕೂರಬೇಕು. ನಾಲ್ಕು ತಿಂಗಳು ಹತ್ತು ದಿನ ಅದೇ ಮನೆಯಲ್ಲಿರಬೇಕು, ಕಾರಣವಿಲ್ಲದೆ ಹೊರಗೆ ಬರಬಾರದು. ಊರಿನಲ್ಲಿ ನಮ್ಮ ದೊಡ್ಡಮ್ಮ ಕೂತಾಗ ಹಿತ್ತಲಿತ್ತು, ಎತ್ತರದ ಗೋಡೆಯಿತ್ತು, ತಲೆಯ ಮೇಲೆ ಆಕಾಶವಿತ್ತು. ಇಲ್ಲಿ ಬಾಗಿಲು ತೆರೆದರೆ ಗಲ್ಲಿ.

ಆದರೆ ಕೋಣೆಯ ಮಾಳಿಗೆಯಲ್ಲಿ ಬೆಳಕಿಗೆಂದು ಕೂರಿಸಿದ ಒಂದು ದಪ್ಪ ಗಾಜಿತ್ತು. ಅದರಿಂದ ಚಾಪೆಯಷ್ಟಗಲ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಅದರಲ್ಲಿ ಕಾಲು ಚಾಚಿ ಕೂತೆ. ಬಿಸಿಲು ಸರಿದಂತೆ ನಾನೂ ಸರಿದೆ. ಚರ್ಮ ಸುಡುತ್ತಿತ್ತು, ಇಷ್ಟು ಸಾಕು ಅನ್ನಿಸಿತು. ಬಿಸಿಲೇ ಇದ್ದ ಮೇಲೆ ಪುಡಿ ಯಾಕೆ ಎಂದು ಅದನ್ನೂ ಬಿಟ್ಟೆ. ಒಬ್ಬಳಿಗೆ ಹಾಲು ಕಾಯಿಸಿ ಅದರಲ್ಲಿ ಪುಡಿ ಕಲಸುವ ಮನಸ್ಸೂ ಇರಲಿಲ್ಲ.

ಕಾಲು ಗಟ್ಟಿಯಾಗಲಿಲ್ಲ. ನಮಾಜಿನಲ್ಲಿ ಸಜ್ದಾಕ್ಕೆ ಹಣೆ ನೆಲಕ್ಕೆ ಹಚ್ಚಿದರೆ ಏಳಲಾಗುತ್ತಿರಲಿಲ್ಲ. ತೊಡೆಯಲ್ಲಿ ಜೀವವೇ ಇಲ್ಲ. ಅವರ ಹೊಲಿಗೆ ಮಷೀನಿನ ಕಾಲು ಹಿಡಿದು ಏಳುತ್ತಿದ್ದೆ. ಒಂದು ದಿನ ಅದೂ ಆಗದೆ ಹಾಗೇ ಬಿದ್ದುಕೊಂಡು, ಅಲ್ಲಾಹ್, ನನ್ನನ್ನೂ ಕರೆದುಕೋ ಎಂದು ಕೇಳಿದೆ. ಮನಸಾರೆ ಕೇಳಿದೆ.

ಕಂಡದ್ದು ಮನೆಯ ಒಡತಿ ಗೌರಮ್ಮನಿಗೆ. ಕುರುಗೋಡಿನವರು, ಪಕ್ಕದ ಮನೆಯಲ್ಲಿರುತ್ತಾರೆ. ಬಾಗಿಲು ದೂಡಿಕೊಂಡೇ ಬಂದರು. "ಏನಬೇ ಇದು, ಸಾಯಾಕ ನನ್ನ ಮನೀನ ಬೇಕಾಗಿತ್ತೇನು ನಿನಗ? ಏಳು. ಔಷಧಕ್ಕ ಹೋಗಾಕ ಯಾವ ದೇವ್ರು ಬ್ಯಾಡ ಅಂತಾನ?" ಎಂದು ಬೈಯುತ್ತಲೇ ನನ್ನ ಬುರ್ಖಾದ ಗುಂಡಿ ಹಾಕಿದರು.

ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಡಿ ಇನ್ನೂ ಇಳಿದಿತ್ತು. ಸಕ್ಕರೆ ಏರಿತ್ತು. ದಿನಾ ಬಿಸಿಲಿಗೆ ಕೂಡ್ರುತ್ತೇನೆ ಎಂದೆ.

"ಎಲ್ಲಿ ಕುಂದರ್ತೀರಿ?"

ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ಗಾಜಿನಾಗ ಬೆಳಕು ಬರ್ತೈತಿ, ಕಾವು ಬರ್ತೈತಿ. ಮೈಯಾಗ ಡಿ ಹುಟ್ಟಿಸೋ ಕಿರಣ ಬರಂಗಿಲ್ಲಮ್ಮ."

ಅಷ್ಟು ದಿನ ನಾನು ಸರಿದಾಡಿದ್ದೆಲ್ಲ ಬರೀ ಕಾವಿನ ಹಿಂದೆ.

ಮಾಳಿಗೆಗೆ ಬಾ, ಸೀರೆ ಕಟ್ಟಿ ಮರೆ ಮಾಡುತ್ತೇನೆ ಎಂದರು ಗೌರಮ್ಮ. ಕಬ್ಬಿಣದ ಏಣಿಯ ಎರಡನೇ ಮೆಟ್ಟಿಲಿನಲ್ಲೇ ಮೊಣಕಾಲು ಮಡಚಿಕೊಂಡಿತು. ಕೆಳಗೆ ನಿಂತಿದ್ದ ಅವರು ಹಿಡಿದುಕೊಂಡರು. ಅವರೇ ಕರೂರಿಗೆ ಫೋನು ಮಾಡಿ ನನ್ನ ತಮ್ಮ ಖಾಜಾನನ್ನು ಕರೆಸಿದರು.

ಊರಿಗೆ ನಡಿ ಎಂದವನಿಗೆ ನಾನು ಬರುವುದಿಲ್ಲ ಎಂದೆ. ನಮ್ಮ ಮನೆಯವರು ಉಸಿರು ಬಿಟ್ಟ ಮನೆ ಇದು, ಇದ್ದತ್ ಇಲ್ಲಿಯೇ ಮುಗಿಯಬೇಕು. ಖಾಜಾ ವಾದ ಮಾಡಲಿಲ್ಲ. ಮಸೀದಿಯ ಹಜರತರ ಹತ್ತಿರ ಹೋಗಿ ಬಂದು ಹೊಸಿಲ ಮೇಲೆ ಕೂತ. "ಜೀವಕ್ಕ ತ್ರಾಸ ಐತಿ ಅಂದ್ರ ಬ್ಯಾರೆ ಮನ್ಯಾಗ ಮುಗಿಸಬೌದಂತ. ಹಜರತ್ರು ಅಂದ್ರು, ಸತ್ತವನ ಹಕ್ಕು ಐತಿ, ಖರೆ. ಇದ್ದವಳ ಮೈಗೂ ಹಕ್ಕೈತಿ, ಅಂತ."

ಹಜರತರು ಬ್ಯಾಡ ಅಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆಗ ನಾನು ಆರಿಸಬೇಕಾಗುತ್ತಿರಲಿಲ್ಲ. ಮನೆಯವರು ಕೊನೆಯ ಸಲ ಲೋಟ ಇಟ್ಟ ಜಾಗವನ್ನು ಅಂಗೈಯಿಂದ ಒಮ್ಮೆ ಒರೆಸಿ ಹೊರಟೆ. ಸಿರುಗುಪ್ಪದವರೆಗೂ ಗಾಡಿಯ ಕಿಟಕಿಯ ಗಾಜು ಇಳಿಸಿಯೇ ಕೂತಿದ್ದೆ.

ಈಗ ಕರೂರಿನ ಹಿತ್ತಲಲ್ಲಿದ್ದೇನೆ. ಪುಡಿಯನ್ನೂ ಗುಳಿಗೆಯನ್ನೂ ತಮ್ಮನ ಹೆಂಡತಿ ಶಮೀಮ್ ಎದುರಿಗೆ ನಿಂತು ನುಂಗಿಸುತ್ತಾಳೆ. "ಅಕ್ಕಾ, ನಿಮ್ಮನ್ನ ಹಪ್ಪಳದಂಗ ಹೊಳ್ಳಿಸಿ ಹೊಳ್ಳಿಸಿ ಒಣಗಸ್ತೀನಿ" ಎನ್ನುತ್ತಾಳೆ. ಮೊನ್ನೆ ಏನನ್ನೂ ಹಿಡಿಯದೆ ಎದ್ದು ನಿಂತೆ. ಯಾರಿಗೂ ಹೇಳಲಿಲ್ಲ. ಹೇಳಬೇಕಾದವರು ಒಬ್ಬರೇ ಇದ್ದರು. ಇಲ್ಲಿ ಎಲ್ಲರೂ ನನ್ನವರೇ, ಆದರೆ ಯಾವ ಗೋಡೆಗೂ ಅವರ ಗುರುತಿಲ್ಲ. ಅಲ್ಲಿ ಹಗಲೆಲ್ಲ ಊರಿನ ಕನಸು ಕಂಡವಳು ಇಲ್ಲಿ ಗಲ್ಲಿಯ ಮಷೀನುಗಳ ಸದ್ದಿಗೆ ಕಿವಿ ಕೊಟ್ಟು ಕೂಡ್ರುತ್ತೇನೆ.

ನಿನ್ನೆ ಗೌರಮ್ಮನ ಫೋನು ಬಂತು. "ಆರಾಮ ಅದೀಯೇನಬೇ? ನಿನ್ನ ಕ್ವಾಣಿ ಬಾಡಿಗಿಗೆ ಕೇಳಾಕ ಮಂದಿ ಬಂದಾರ. ಏನ್ ಹೇಳ್ಲಿ?"

"ಕೊಡಬ್ಯಾಡ್ರಿ ನಮ್ಮನಿ" ಎಂದುಬಿಟ್ಟೆ.

ಶಮೀಮ್ ಅಕ್ಕಿ ಕೇರುತ್ತಿದ್ದಳು. ಅವಳ ಕೈಯಲ್ಲಿನ ಮೊರ ನಿಂತಿತು.

"ಹಂಗಾದ್ರ ಇದು ಯಾರ ಮನಿ ಅಕ್ಕಾ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಇದೂ ನಮ್ಮನಿ ಎನ್ನಬೇಕೆಂದಿದ್ದೆ. ಬಿಸಿಲು ಸರಿದ ಕಡೆಗೆ ಚಾಪೆ ಎಳೆದುಕೊಂಡೆ. ಅವಳು ಮತ್ತೆ ಕೇರತೊಡಗಿದಳು.